ಸುಮ್ನೆ ಕೂರೋಕೆ ಝೂಮ್ ಯಾಕೆ ಬೇಕು?

ಪ್ರಶ್ನೆ: ನಮ್ಮಕ್ಕ ಇಂಗ್ಲೆಂಡಲ್ಲಿದ್ದಾಳೆ, ಕೊರೊನಾ ಟೈಮಿಂದ ಕ್ವೇಕರ್ಸ್ ಅನ್ನೋ ಕ್ರೈಸ್ತ ಪಂಗಡದೋರ ಜೊತೆ ಭಾನುವಾರ ಝೂಮಲ್ಲಿ ಕೂರ್ತಾಳೆ. ಹೋದ ತಿಂಗ್ಳು ಮೈಸೂರಿಗೆ ಬಂದಾಗ ನಾನೂ ಪಕ್ಕದಲ್ಲಿ ಕೂತು ನೋಡ್ದೆ. ಇಪ್ಪತ್ತು ಜನ ಒಂದು ಗಂಟೆ ಕಣ್ಮುಚ್ಕೊಂಡಿದ್ರು, ಪಾದ್ರಿ ಇಲ್ಲ, ಹಾಡಿಲ್ಲ, ಕೊನೆಗೆ ಕೈ ಬೀಸಿ ಹೋದ್ರು. ಇದು ಪ್ರಾರ್ಥನೆ ಹೇಗಾಗತ್ತೆ? ಸುಮ್ನೆ ಕೂರೋದಾದ್ರೆ ಅವರವರ ಮನೇಲಿ ಕೂರಬಹುದಲ್ಲ, ಝೂಮ್ ಯಾಕೆ? ನಾನೂ ಇಲ್ಲಿಂದ ಸೇರಬಹುದಾ?

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ, ಅದರಲ್ಲಿ ನಡುವಿಂದು ಅಸಲಿ. ಅದನ್ನ ಕ್ವೇಕರ್‌ಗಳೇ 2020ರಿಂದ ತಮ್ಮನ್ನ ತಾವು ಕೇಳ್ಕೊಳ್ತಾ ಇದಾರೆ, ಒಂದೇ ಉತ್ತರಕ್ಕೆ ಬಂದಿಲ್ಲ.

ಮೊದ್ಲು ನಾನ್ಯಾರು ಅಂತ ಹೇಳ್ಬಿಡ್ತೀನಿ. ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಲ್ಲಿ ಹನ್ನೊಂದು ವರ್ಷ ಇದ್ದೆ, ಓದಿದ್ದು ಅಲ್ಲಿನ ಹದಿನೇಳನೇ ಶತಮಾನದ ಚರಿತ್ರೆ, ಆ ನೆಪದಲ್ಲೇ ಕ್ವೇಕರ್ ಮೀಟಿಂಗಿಗೆ (ಅವರ ಪ್ರಾರ್ಥನಾ ಸಭೆಗೆ ಅದೇ ಹೆಸರು) ಹೋಗೋಕೆ ಶುರು ಮಾಡಿದ್ದು, ಆಮೇಲೆ ನೆಪ ಮರ್ತೋಯ್ತು, ಹೋಗೋದು ಉಳೀತು. ಮೆಂಬರ್ ಆಗಿಲ್ಲ. ಮೆಂಬರ್ ಆಗ್ದೆ ಬಂದು ಹೋಗೋರಿಗೆ ಅವರು ಅಟೆಂಡರ್ ಅಂತಾರೆ, ಇದನ್ನ ಊರಲ್ಲಿ ನಮ್ಮಮ್ಮಂಗೆ ಹೇಳ್ದಾಗ ಪಿಎಚ್‌ಡಿ ಮಾಡಿ ಚರ್ಚಲ್ಲಿ ಅಟೆಂಡರ್ ಕೆಲ್ಸನಾ ಅಂತ ಗಾಬರಿಯಾದ್ರು. 2020ರಲ್ಲಿ ಝೂಮ್ ನಡ್ಸೋ ಕೆಲಸ ನನ್ನ ತಲೆಗೇ ಬಂತು, ಯಾಕಂದ್ರೆ ಇಂಡಿಯಾದವನು ಅಂದ್ಮೇಲೆ ಕಂಪ್ಯೂಟರ್ ಗೊತ್ತೇ ಇರತ್ತೆ ಅಂತ ಅಲ್ಲಿನ ಅಜ್ಜ ಅಜ್ಜಿಯರ ನಂಬಿಕೆ. ಹೀಗಾಗಿ ಎರಡು ವರ್ಷ ಹತ್ರ ಹತ್ರ ಪ್ರತಿ ಭಾನುವಾರ, ಎಲ್ರೂ ಕಣ್ಮುಚ್ಚಿರುವಾಗ ಕಣ್ಣು ಬಿಟ್ಕೊಂಡಿದ್ದೋನು ನಾನೊಬ್ನೇ.

ಈಗ ಪ್ರಾರ್ಥನೆ ಹೇಗಾಗತ್ತೆ ಅನ್ನೋದು. 1650ರ ಸುಮಾರಿಗೆ ಈ ಪಂಗಡ ಶುರು ಮಾಡಿದ ಜಾರ್ಜ್ ಫಾಕ್ಸ್ ಅನ್ನೋನು ದೇವರಿಗೂ ಮನುಷ್ಯನಿಗೂ ನಡುವೆ ದಲ್ಲಾಳಿ ಬೇಡ ಅಂತ ಊರೂರು ಸುತ್ತಿ ಹೇಳ್ದ. ಚರ್ಚ್ ಅಂದ್ರೆ ಜನ, ಕಲ್ಲಿನ ಕಟ್ಟಡ ಅಲ್ಲ ಅಂದ, ಆ ಕಟ್ಟಡಗಳನ್ನ ಗೋಪುರದ ಮನೆ ಅಂತ ಲೇವಡಿ ಮಾಡ್ತಿದ್ದ, 1652ರಲ್ಲಿ ಫರ್‌ಬ್ಯಾಂಕ್ ಫೆಲ್ ಅನ್ನೋ ಗುಡ್ಡದ ಮೇಲೆ ಬಂಡೆ ಹತ್ತಿ ನಿಂತು ಸಾವಿರದಷ್ಟು ಜನಕ್ಕೆ ಮೂರು ಗಂಟೆ ಮಾತಾಡ್ದ, ಪಕ್ಕದಲ್ಲೇ ಪ್ರಾರ್ಥನಾ ಮಂದಿರ ಇದ್ರೂ. ಅಲ್ಲಿಂದ ಬೆಳೆದ ಪದ್ಧತಿ ಇದು, ಎಲ್ರೂ ಬಂದು ಸುತ್ತ ಕೂರ್ತಾರೆ, ಕಾಯ್ತಾರೆ. ಯಾರಿಗಾದ್ರೂ ಒಳಗಿಂದ ಮಾತು ಎದ್ದು ಬಂದ್ರೆ ನಿಂತು ಹೇಳ್ತಾರೆ, ಅದನ್ನ ಮಿನಿಸ್ಟ್ರಿ ಅಂತಾರೆ, ಯಾರೂ ಅದಕ್ಕೆ ಉತ್ತರ ಕೊಡಲ್ಲ, ವಾದ ಮಾಡಲ್ಲ, ಮತ್ತೆ ಮೌನ. ಇಡೀ ಗಂಟೇಲಿ ಒಂದೂ ಮಾತು ಬರ್ದೇ ಇದ್ರೂ ಮೀಟಿಂಗ್ ಆಯ್ತು ಅಂತ್ಲೇ ಲೆಕ್ಕ. ಕೊನೆಗೆ ಹಿರಿಯರಿಬ್ರು ಕೈ ಕುಲುಕ್ತಾರೆ, ಅದೇ ಮಂಗಳಾರತಿ ಅಂತ ತಿಳ್ಕೊಳಿ.

(ಪ್ರಪಂಚದ ಕ್ವೇಕರ್‌ಗಳೆಲ್ಲ ಹೀಗಲ್ಲ. ಅವರು ಅತಿ ಹೆಚ್ಚು ಇರೋ ದೇಶ ಕೀನ್ಯಾ, 1902ರಲ್ಲಿ ಕೈಮೋಸಿಲಿ ಅಮೆರಿಕದೋರು ಶುರು ಮಾಡಿದ ಮಿಷನ್ನಿಂದ ಬೆಳೆದಿದ್ದು, ಅಲ್ಲಿ ಪಾಸ್ಟರ್ ಇದಾರೆ, ಹಾಡಿದೆ, ಬೋಧನೆ ಇದೆ. ನಿಮ್ಮಕ್ಕ ಕೂರೋದು ಮೌನದ ಕಡೆಯೋರ ಜೊತೆ, ಅದಕ್ಕೆ ಅವರದ್ದೇ ಹೇಳ್ತೀನಿ.)

ಇಲ್ಲೊಂದು ಮಜಾ ನೋಡಿ. ಕೊರೊನಾದಲ್ಲಿ ಬೇರೆ ಚರ್ಚ್‌ಗಳಿಗೆ ದೊಡ್ಡ ತಲೆನೋವು ಆಗಿದ್ದು ಯೇಸುವಿನ ನೆನಪಿಗೆ ಪ್ರಾರ್ಥನೇಲಿ ಹಂಚೋ ರೊಟ್ಟಿ ಮತ್ತೆ ದ್ರಾಕ್ಷಾರಸ. ಪಾದ್ರಿ ಸ್ಕ್ರೀನ್ ಆ ಕಡೆ ಮಂತ್ರಿಸಿದ್ರೆ ಈ ಕಡೆ ನಮ್ಮನೆ ಟೇಬಲ್ ಮೇಲಿರೋ ಬ್ರೆಡ್ಡಿಗೆ ತಾಗತ್ತಾ? ಕ್ಯಾಥೊಲಿಕರು ಆಗಲ್ಲ ಅಂದ್ರು, ಉಳಿದೋರು ಒಬ್ಬೊಬ್ರು ಒಂದೊಂದು ಅಂದ್ರು. ಕ್ವೇಕರ್‌ಗಳಿಗೆ ರೊಟ್ಟಿನೂ ಇಲ್ಲ, ರಸಾನೂ ಇಲ್ಲ, ಪಾದ್ರಿನೂ ಇಲ್ಲ, ಪವಿತ್ರ ಅಂತ ಮಾಡಿದ ಕಟ್ಟಡಾನೂ ಇಲ್ಲ. ಅಂದ್ರೆ ಶಾಸ್ತ್ರದ ಪ್ರಕಾರ ಝೂಮ್ ಅವರಿಂದ ಏನನ್ನೂ ಕಿತ್ಕೊಳ್ಳೋ ಹಾಗೇ ಇರ್ಲಿಲ್ಲ. ಅವರೂ ಹಾಗೇ ಅಂದ್ಕೊಂಡ್ರು, ನಾನೂ ಹಾಗೇ ಅಂದ್ಕೊಂಡೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ ವುಡ್‌ಬ್ರುಕ್ ಅಂತ ಅವರದ್ದೊಂದು ಕಲಿಕಾ ಕೇಂದ್ರ ಇದೆ, ಚಾಕೊಲೇಟ್ ಕ್ಯಾಡ್ಬರಿಯ ಜಾರ್ಜ್ ಕ್ಯಾಡ್ಬರಿ ತನ್ನ ಮನೇನೇ ಕೊಟ್ಟು 1903ರಲ್ಲಿ ಶುರುವಾಗಿದ್ದು, 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಹೋದಾಗ ಗಾಂಧೀಜಿ ಅಲ್ಲಿ ಹೋಗಿ ಉಳ್ಕೊಂಡಿದ್ರು, ಅವರು ಕೊರೊನಾಕ್ಕೆ ಮುಂಚೆನೇ ಆನ್‌ಲೈನ್ ಪ್ರಾರ್ಥನೆ ಶುರು ಮಾಡಿದ್ರು. ಹಾಗಾಗಿ ದಾರಿ ಆಗ್ಲೇ ಇತ್ತು. ಈಗ ಆ ಮನೇನೂ ಬಿಟ್ಟಿದಾರೆ, ಕೆಲಸ ಬಹುಪಾಲು ಆನ್‌ಲೈನಲ್ಲೇ.

ಆದ್ರೆ ಕಿತ್ಕೊಳ್ತು. ಏನನ್ನ ಅಂತ ಗೊತ್ತಾಗೋಕೆ ನಂಗೆ ನಾಲ್ಕೈದು ವಾರ ಬೇಕಾಯ್ತು.

ಮೀಟಿಂಗ್ ಹೌಸ್‌ನಲ್ಲಿ ಮೌನ ಅಂದ್ರೆ ಸದ್ದು ಇಲ್ದೇ ಇರೋದಲ್ಲ. ನಮ್ಮ ಮೀಟಿಂಗ್ ಹೌಸಲ್ಲಿ ಗೋಡೆ ಗಡಿಯಾರ ಇತ್ತು, ಹಳೇ ಮರದ ಬೆಂಚು ಕಿರ್ ಅನ್ನೋದು, ಯಾರದ್ದೋ ಹೊಟ್ಟೆ ಗುರ್ ಅನ್ನೋದು, ಹೊರಗೆ ಪಾರಿವಾಳ, ರೇಡಿಯೇಟರ್ ಬಿಸಿ ಆಗೋವಾಗ ಟಿಕ್ ಟಿಕ್. ಮೊದಲ ಹತ್ತು ನಿಮಿಷ ಈ ಸದ್ದೆಲ್ಲ ಬೇರೆ ಬೇರೆ ಕೇಳತ್ತೆ, ಇಪ್ಪತ್ತು ನಿಮಿಷಕ್ಕೆ ಅದೆಲ್ಲ ಒಂದಕ್ಕೊಂದು ಕೂತ್ಕೊಂಡು ಇಡೀ ಕೋಣೆ ಒಂದೇ ಉಸಿರಾಡೋ ಹಾಗೆ ಆಗತ್ತೆ, ಇದಕ್ಕೆ ಅವರು ಮೀಟಿಂಗ್ ಗ್ಯಾದರ್ ಆಯ್ತು ಅಂತಾರೆ, ನಾವು ಕಛೇರಿ ಕಳೆಗಟ್ಟಿತು ಅಂತೀವಲ್ಲ ಹತ್ರ ಹತ್ರ ಹಾಗೆ. ಪ್ರತಿ ವಾರ ಆಗಲ್ಲ ಅದು. ಆದ ದಿನ ಚಿಕ್ಕ ಮಕ್ಕಳಿಗೂ ಗೊತ್ತಾಗತ್ತೆ.

ಝೂಮ್ ಇದನ್ನ ಏನು ಮಾಡತ್ತೆ? ಅದನ್ನ ಕಟ್ಟಿರೋದು ಆಫೀಸ್ ಮೀಟಿಂಗಿಗೆ. ಮಾತು ಬೇಕು, ಉಳಿದಿದ್ದು ಕಸ ಅಂತ ಅದರ ಲೆಕ್ಕ. ಫ್ಯಾನ್ ಸದ್ದು, ನಾಯಿ ಬೊಗಳೋದು, ಕುರ್ಚಿ ಎಳೆಯೋದು ಎಲ್ಲಾನೂ ಹುಡುಕಿ ಹುಡುಕಿ ಅಳಿಸಿ ಹಾಕತ್ತೆ, ಅದೇ ಅದರ ಹೆಗ್ಗಳಿಕೆ. ಅದರ ಮೇಲೆ ಎಲ್ರೂ ಮ್ಯೂಟ್ ಬೇರೆ. ಆಗ ಸಿಗೋದು ಸ್ಪೀಕರಲ್ಲಿ ಏನೇನೂ ಇಲ್ಲದ, ಲೈನ್ ಸತ್ತ ಫೋನಿನ ಮೌನ. ಅದು ಇಪ್ಪತ್ತು ಜನದ್ದಲ್ಲ, ನಿಮ್ಮೊಬ್ಬರದ್ದೇ, ಇಪ್ಪತ್ತು ಮನೇಲಿ ಇಪ್ಪತ್ತು ಒಂಟಿ ಮೌನ, ಒಂದೇ ಸ್ಕ್ರೀನ್ ಮೇಲೆ ಅಂಟ್ಸಿದ ಹಾಗೆ. ತಂಬೂರಿ ನಿಲ್ಸಿ ಹಾಡು ಅಂದ್ರೆ ಹೆಂಗಿರತ್ತೆ ನೋಡಿ, ಕೇಳೋರ್ಯಾರೂ ತಂಬೂರಿ ಕೇಳೋಕೆ ಬಂದಿರಲ್ಲ, ಆದ್ರೆ ಅದು ನಿಂತ ಕ್ಷಣ ಎಲ್ರಿಗೂ ಏನೋ ಹೋಯ್ತು ಅನ್ಸತ್ತೆ.

ನೀವು ಕೇಳಿದ್ರಲ್ಲ, ಸುಮ್ನೆ ಕೂರೋದಾದ್ರೆ ಅವರವರ ಮನೇಲಿ ಕೂರಬಹುದಲ್ಲ ಅಂತ, ನಿಮ್ಮ ಅನುಮಾನಕ್ಕೆ ಬೇರು ಇಲ್ಲಿದೆ. ಅವರು ಮಾಡೋದು ಧ್ಯಾನ ಅಲ್ಲ. ಧ್ಯಾನ ಒಬ್ರೇ ಮಾಡಬಹುದು. ಇದು ಪಕ್ಕದೋರನ್ನ ಕೇಳಿಸ್ಕೊಳ್ತಾ ಕಾಯೋದು, ಅವರು ಇನ್ನೂ ಮಾತಾಡಿಲ್ಲದಾಗ್ಲೂ. ಪಕ್ಕದೋರೇ ಇಲ್ಲ ಅಂದ್ರೆ ಅರ್ಧ ಹೋಯ್ತು. ಹಾಗಾಗಿ ಝೂಮಾದ್ರೂ ಬೇಕು, ಆದ್ರೆ ಬರೀ ಝೂಮ್ ಆನ್ ಮಾಡಿದ್ರೆ ಸಾಲಲ್ಲ.

ನಾವೇನು ಮಾಡಿದ್ವಿ ಅಂದ್ರೆ, ಮೊದ್ಲು ಸೆಟ್ಟಿಂಗ್ಸಲ್ಲಿ ಒರಿಜಿನಲ್ ಸೌಂಡ್ ಅಂತ ಒಂದಿದೆ, ಸಂಗೀತದೋರಿಗೆ ಅಂತ ಮಾಡಿದ್ದು, ಅದನ್ನ ಹಾಕಿದ್ರೆ ಸದ್ದು ಅಳಿಸೋದನ್ನ ನಿಲ್ಸತ್ತೆ. ಎಲ್ರ ಮನೇದೂ ಬಿಟ್ರೆ ಗದ್ದಲ, ಎಕೋ, ಒಬ್ಬರ ಮನೆ ಬೆಕ್ಕು ಅಂತೂ ಪ್ರತಿ ವಾರ ಮಿನಿಸ್ಟ್ರಿ ಕೊಡ್ತಿತ್ತು. ಅದಕ್ಕೆ ವಾರಕ್ಕೊಬ್ರು ತಮ್ಮ ಮೈಕ್ ಒಂದನ್ನ ಮಾತ್ರ ತೆರೆದಿಡೋದು ಅಂತ ಮಾಡಿದ್ವಿ, ಕಿಟಕಿ ತೆಗೆದು. ಏಪ್ರಿಲಲ್ಲಿ ಒಬ್ಬರ ಹಿತ್ತಲಿನ ಬ್ಲ್ಯಾಕ್‌ಬರ್ಡ್ ಹಕ್ಕಿ ಇಪ್ಪತ್ತು ಮನೆಗೆ ಕೇಳಿಸ್ತು. ಅವತ್ತೇ ಮೊದಲ ಸಲ ಸ್ಕ್ರೀನ್ ಮೇಲಿನ ಮುಖಗಳು ಸಡಿಲ ಆಗಿದ್ದು ನೋಡಿದ್ದು ನಾನು. ದೊಡ್ಡ ತಂತ್ರಜ್ಞಾನ ಏನಲ್ಲ, ಒಂದು ಟಿಕ್ ಮಾರ್ಕು, ಒಂದು ಕಿಟಕಿ.

ಇನ್ನೊಂದು, ತನ್ನ ಮುಖ ತಾನೇ ನೋಡೋದು. ಒಂದು ಗಂಟೆ ಕನ್ನಡಿ ಮುಂದೆ ಕೂತು ಪ್ರಾರ್ಥನೆ ಮಾಡಿ ಅಂದ್ರೆ ಯಾರಿಗಾಗತ್ತೆ? ಹೈಡ್ ಸೆಲ್ಫ್ ವ್ಯೂ ಒತ್ತಿ ಅಂತ ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳ್ಕೊಟ್ಟೆ, ಕೆಲವರು ತಮ್ಮ ಮುಖ ಕಾಣದ ಕೂಡ್ಲೇ ಕಾಲ್ ಕಟ್ ಆಯ್ತು ಅಂತ ಹೊರಗೆ ಹೋಗಿ ಮತ್ತೆ ಬರೋರು.

ಮ್ಯೂಟ್ ಬಟನ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಉಲ್ಟಾ ಆಯ್ತು. ಅವರಲ್ಲಿ ಒಂದು ಹಳೇ ರೂಢಿ ಇದೆ, ಮಾತಾಡಬೇಕು ಅನ್ಸಿದ ತಕ್ಷಣ ಏಳಬಾರದು, ಇದು ನಂಗೆ ಮಾತ್ರ ಬಂದಿದ್ದಾ ಎಲ್ರಿಗೂ ಅಂತ ಬಂದಿದ್ದಾ, ಈಗ್ಲೇ ಹೇಳ್ಬೇಕಾ ಅಂತ ತೂಗಿ ನೋಡಬೇಕು. ಬೆಂಚಿಂದ ಏಳೋ ಆ ಎರಡು ಸೆಕೆಂಡ್ ತಕ್ಕಡಿ ಇದ್ದ ಹಾಗೆ. ಝೂಮಲ್ಲಿ ಆ ಕೆಲಸ ಮ್ಯೂಟ್ ಬಟನ್ ಮಾಡ್ತು. ಬೆರಳು ಬಟನ್ ಮೇಲೆ ಹೋಗಿ, ನಿಂತು, ವಾಪಸ್ ಬಂದಿದ್ದನ್ನ ಎಷ್ಟೋ ಸಲ ನೋಡಿದೀನಿ, ಭುಜ ಸ್ವಲ್ಪ ಮುಂದೆ ಬಂದು ಹಿಂದೆ ಸರಿಯತ್ತೆ, ಅಷ್ಟೇ.

ಒಂದ್ಸಲ ಎಂಬತ್ತು ದಾಟಿದ ಒಬ್ಬ ಹೆಂಗಸು, ಹೆಸರು ಬೇಡ, ಕಣ್ಮುಚ್ಕೊಂಡೇ ಮಾತಾಡೋಕೆ ಶುರು ಮಾಡಿದ್ರು, ಮ್ಯೂಟ್ ತೆಗೆದಿರ್ಲಿಲ್ಲ. ತುಟಿ ಆಡ್ತಾ ಇದೆ, ಕೈ ಒಂದು ಮಡಿಲಿಂದ ಎದ್ದು ಮತ್ತೆ ಮಡಿಲಿಗೆ ಬಂತು, ಉಳಿದೋರೆಲ್ಲ ಕಣ್ಮುಚ್ಚಿದಾರೆ, ಯಾರಿಗೂ ಗೊತ್ತಿಲ್ಲ. ನೋಡ್ತಿರೋದು ನಾನೊಬ್ನೇ. ಹೋಸ್ಟ್ ಆದೋನು ಅವರನ್ನ ಅನ್‌ಮ್ಯೂಟ್ ಮಾಡಿ ಅಂತ ಕೇಳಬಹುದು, ಆದ್ರೆ ಸ್ಕ್ರೀನ್ ಮೇಲೆ ಡಬ್ಬಿ ಬರತ್ತೆ, ಅವರು ಕಣ್ಣು ಬಿಟ್ರೆ ತಾನೆ ಕಾಣೋದು. ನಾನೇ ಬಾಯಿ ಬಿಟ್ಟು ಹೇಳಬಹುದಿತ್ತು, ಅಮ್ಮಾ ಮ್ಯೂಟಲ್ಲಿದ್ದೀರಿ ಅಂತ, ಆ ಮೌನದ ನಡುವೆ. ಹೇಳೋಕೆ ಆಗ್ಲಿಲ್ಲ. ಎರಡು ಮೂರು ನಿಮಿಷ ಮಾತಾಡಿ ಮುಗ್ಸಿದ್ರು. ಆಮೇಲೆ ಫೋನ್ ಮಾಡಿ ತಪ್ಪಾಯ್ತು, ನೀವು ಮಾತಾಡಿದ್ದು ಯಾರಿಗೂ ಕೇಳಿಸ್ಲಿಲ್ಲ ಅಂದೆ. ಓ, ಹಾಗಾದ್ರೆ ಅದು ನಂಗೇ ಹೇಳ್ಕೊಂಡಿದ್ದು ಇರ್ಬೇಕು ಅಂದ್ರು, ಅಷ್ಟೇ, ಆಮೇಲೆ ಅವರ ಟೊಮೆಟೊ ಸಸಿ ವಿಷಯಕ್ಕೆ ಹೋದ್ರು. ನಂಗೆ ಮಾತ್ರ ಇವತ್ತಿಗೂ ಅದೇನು ಹೇಳಿದ್ರೋ ಅಂತ ಕುತೂಹಲ.

ಇನ್ನು ಬಾಗಿಲು. ಇದರ ಬಗ್ಗೆ ಹೆಚ್ಚು ಜನ ಮಾತಾಡಲ್ಲ, ನಂಗೆ ಮಾತ್ರ ಚರಿತ್ರೆ ಓದಿದ್ದಕ್ಕೋ ಏನೋ ಇದೇ ಜಾಸ್ತಿ ಕಾಡಿದ್ದು. 1664ರಲ್ಲಿ ಇಂಗ್ಲೆಂಡಲ್ಲಿ ಒಂದು ಕಾನೂನು ಬಂತು, ಸರ್ಕಾರಿ ಚರ್ಚ್ ಬಿಟ್ಟು ಬೇರೆ ಥರ ಪ್ರಾರ್ಥನೆಗೆ ಮನೆಯೋರನ್ನ ಬಿಟ್ಟು ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿದ್ರೆ ಅಪರಾಧ. ಬೇರೆ ಪಂಗಡದೋರಲ್ಲಿ ಬಹಳ ಜನ ಅಟ್ಟದ ಮೇಲೆ, ಕಾಡೊಳಗೆ ಕದ್ದು ಸೇರಿದ್ರು. ಕ್ವೇಕರ್‌ಗಳು ಕದ್ದು ಸೇರೋದೇ ಸುಳ್ಳು ಹೇಳಿದ ಹಾಗೆ ಅಂತ ಬಾಗಿಲು ತೆಗೆದಿಟ್ಟೇ ಸೇರಿದ್ರು, ಸಾವಿರಗಟ್ಲೆ ಜನ ಜೈಲಿಗೆ ಹೋದ್ರು. 1670ರಲ್ಲಿ ಲಂಡನ್ನಿನ ಗ್ರೇಸ್‌ಚರ್ಚ್ ಸ್ಟ್ರೀಟಲ್ಲಿ ಅವರ ಮೀಟಿಂಗ್ ಹೌಸಿಗೆ ಬೀಗ ಹಾಕಿದಾಗ ವಿಲಿಯಂ ಪೆನ್ ಅನ್ನೋ ಕ್ವೇಕರ್ ಬೀದೀಲೇ ನಿಂತು ಮಾತಾಡಿ ಅರೆಸ್ಟ್ ಆದ, ಆ ಕೇಸಲ್ಲಿ ತಪ್ಪಿತಸ್ಥ ಅನ್ನೋಕೆ ಒಪ್ಪದ ಜ್ಯೂರಿಗಳನ್ನ ಅನ್ನ ನೀರು ಕೊಡ್ದೆ ಕೂಡಿ ಹಾಕಿದ್ರು, ತೀರ್ಪಿಗಾಗಿ ಜ್ಯೂರಿಗೆ ಶಿಕ್ಷೆ ಕೊಡೋ ಹಾಗಿಲ್ಲ ಅನ್ನೋ ಕಾನೂನು ಗಟ್ಟಿಯಾಗಿದ್ದು ಅಲ್ಲಿಂದ. 1682ರಲ್ಲಿ ಬ್ರಿಸ್ಟಲ್‌ನಲ್ಲಿ ದೊಡ್ಡೋರೆಲ್ಲ ಜೈಲು ಸೇರಿದಾಗ ಮಕ್ಕಳೇ ಬಂದು ಮೀಟಿಂಗ್ ನಡ್ಸಿದ್ರು, ಹೊಡೆಸ್ಕೊಂಡ್ರೂ ನಡ್ಸಿದ್ರು.

ಇಂಥೋರು 2020ರ ಮಾರ್ಚಲ್ಲಿ ತಾವೇ ಬಾಗಿಲು ಹಾಕಿದ್ರು. ಅದು ಹೇಡಿತನ ಅಲ್ಲ ಅಂತ್ಲೇ ನನ್ನ ಅಭಿಪ್ರಾಯ, ಅವತ್ತು ರಾಜ ಹಾಕ್ಸಿದ ಬಾಗಿಲು, ಇವತ್ತು ಪಕ್ಕದಲ್ಲಿ ಕೂರೋ ಅಜ್ಜಿ ಬದುಕ್ಲಿ ಅಂತ ಹಾಕ್ಕೊಂಡ ಬಾಗಿಲು, ಎರಡೂ ಒಂದಲ್ಲ. ಆದ್ರೆ ಝೂಮಿಗೆ ಬಂದ್ಮೇಲೆ ಏನಾಯ್ತು, ಲಿಂಕನ್ನ ಎಲ್ರಿಗೂ ಕಾಣೋ ಹಾಗೆ ಹಾಕಿದ್ರೆ ಪೋಕರಿಗಳು ನುಗ್ಗಿ ಅಶ್ಲೀಲ ಚಿತ್ರ ತೋರ್ಸೋರು, ಆ ವರ್ಷದ ಏಪ್ರಿಲಲ್ಲಿ ಪ್ರಪಂಚದಾದ್ಯಂತ ಆಗಿದ್ದೇ ಅದು. ಪಾಸ್‌ವರ್ಡ್ ಬಂತು, ವೇಟಿಂಗ್ ರೂಮ್ ಬಂತು, ಇಮೇಲ್ ಮಾಡಿ ಲಿಂಕ್ ಕೇಳಿ ಅನ್ನೋದು ಬಂತು. ಮೀಟಿಂಗ್ ಹೌಸಿನ ಬಾಗಿಲಲ್ಲಿ ಯಾವತ್ತೂ ಒಬ್ರು ನಿಂತಿರ್ತಾರೆ, ಯಾರೇ ಬಂದ್ರೂ ಕೈ ಕುಲುಕಿ ಒಳಗೆ ಕರೆಯೋಕೆ, ಹೆಸರು ಕೂಡ ಕೇಳಲ್ಲ. ಈಗ ಅದೇ ಜಾಗದಲ್ಲಿ ನಾನು ಕೂತು, ಐಫೋನ್ ಅಂತ ಮಾತ್ರ ಹೆಸರು ತೋರ್ಸ್ತಿರೋ ಯಾರನ್ನೋ ಬಿಡ್ಲೋ ಬೇಡ್ವೋ ಅಂತ ಯೋಚ್ನೆ ಮಾಡ್ತಿದ್ದೆ. ಮಳೆ ಬಂತು ಅಂತ ಒಳಗೆ ನುಗ್ಗಿ, ಒಂದು ಗಂಟೆ ಕೂತು, ಟೀ ಕುಡಿದು, ಮುಂದಿನ ವಾರ ಮತ್ತೆ ಬರೋ ಜನ ಇದ್ರಲ್ಲ, ಅಂಥೋರು ಝೂಮಿಗೆ ಬರಲ್ಲ. ನಾನೇ ಹಾಗೆ ಬಂದೋನು.

ಹಾಗಂತ ಬರೀ ನಷ್ಟ ಅಂತಲ್ಲ. ಹಾಸಿಗೆ ಹಿಡಿದೋರು, ಗಾಲಿ ಕುರ್ಚಿಯೋರು, ಹತ್ತಿರದಲ್ಲಿ ಮೀಟಿಂಗೇ ಇಲ್ಲದ ದ್ವೀಪದೋರು, ರಾತ್ರಿ ಪಾಳಿ ನರ್ಸುಗಳು ಬಂದ್ರು. ಇಂಟರ್ನೆಟ್ಟೇ ಇಲ್ಲದ ಒಬ್ರು ಲ್ಯಾಂಡ್‌ಲೈನಿಂದ ಡಯಲ್ ಮಾಡಿ ಸೇರೋರು, ಅವರಿಗೆ ಯಾರ ಮುಖಾನೂ ಕಾಣಲ್ಲ, ಬರೀ ರಿಸೀವರ್ ಕಿವಿಗೆ ಇಟ್ಕೊಂಡು ಒಂದು ಗಂಟೆ! ಬ್ಲ್ಯಾಕ್‌ಬರ್ಡ್ ಹಕ್ಕಿಗೆ ಎಲ್ರಿಗಿಂತ ಹೆಚ್ಚು ಖುಷಿ ಪಟ್ಟಿದ್ದು ಅವರೇ. ಆಡಳಿತದ ಸಭೆಗಳಿಗೂ ಅನುಕೂಲ ಆಯ್ತು, ಅವರಲ್ಲಿ ವೋಟ್ ಹಾಕೋ ಪದ್ಧತಿ ಇಲ್ಲ, ಕ್ಲರ್ಕ್ ಅನ್ನೋರು ಸಭೆಯ ಮನಸ್ಸು ಎತ್ತ ಅಂತ ನೋಡಿ ಅಲ್ಲೇ ಠರಾವು ಬರೆದು ಓದ್ತಾರೆ, ಎಲ್ರೂ ಹೋಪ್ ಸೋ ಅಂತ ಗುಣುಗುಣು ಅಂತಾರೆ. ಸ್ಕ್ರೀನಲ್ಲಿ ಬರೆದಿದ್ದು ಕಾಣೋದ್ರಿಂದ ಕಿವಿ ಮಂದ ಇರೋರು ಮೊದಲ ಸಲ ಪೂರ್ತಿ ಪಾಲ್ಗೊಂಡ್ರು. ಆ ಗುಣುಗುಣು ಮಾತ್ರ ಹೋಯ್ತು, ಎಲ್ರೂ ಮ್ಯೂಟಲ್ಲಿ ತುಟಿ ಆಡ್ಸೋರು.

ಈಗ ಬಹಳ ಕಡೆ ಎರಡೂ ಸೇರಿಸಿ ಮಾಡ್ತಾರೆ, ಅರ್ಧ ಜನ ಕೋಣೇಲಿ ಅರ್ಧ ಸ್ಕ್ರೀನಲ್ಲಿ, ಬ್ಲೆಂಡೆಡ್ ಅಂತಾರೆ. ಸತ್ಯ ಹೇಳ್ಬೇಕಂದ್ರೆ ಮೂರರಲ್ಲಿ ಇದೇ ಕಷ್ಟದ್ದು. ಕೋಣೆ ನಡುವಿನ ಮೇಜಿನ ಮೇಲೆ ಹೂವು, ಬೈಬಲ್ಲು, ಅವರ ನಡಾವಳಿ ಪುಸ್ತಕ ಇರೋದು ರೂಢಿ, ಈಗ ಪಕ್ಕದಲ್ಲಿ ಗೂಬೆ ಆಕಾರದ ಒಂದು ಕ್ಯಾಮೆರಾನೂ ಕೂತಿರತ್ತೆ, ಅದರ ಹೆಸರೇ ಔಲ್, ಸುತ್ತಲೂ ನೋಡತ್ತೆ, ಯಾರು ಸದ್ದು ಮಾಡಿದ್ರೆ ಅವರ ಮುಖ ದೊಡ್ದಾಗಿ ತೋರ್ಸತ್ತೆ. ಮೌನದಲ್ಲಿ ಸದ್ದು ಮಾಡೋದು ಯಾರು? ಕೆಮ್ಮೋರು. ಹಾಗಾಗಿ ಮನೇಲಿ ಕೂತೋರಿಗೆ ಒಂದು ಗಂಟೆ ಕೆಮ್ಮೋರ ದರ್ಶನ. ನನ್ನ ಸಲಹೆ ಕೇಳಿದ್ರೆ ಸಣ್ಣ ಮೀಟಿಂಗುಗಳು ಒಂದು ದಿನ ಬರೀ ಕೋಣೆ, ಇನ್ನೊಂದು ದಿನ ಬರೀ ಝೂಮ್ ಅಂತ ಬೇರೆ ಬೇರೆ ಮಾಡೋದೇ ವಾಸಿ. ಇದಕ್ಕೆ ನಮ್ಮ ಮೀಟಿಂಗಲ್ಲಿ ಒಪ್ಪದೋರು ಇದ್ರು, ಯಾರನ್ನೂ ಎರಡನೇ ದರ್ಜೆ ಮಾಡ್ಬಾರದು ಅಂತ, ಅವರ ಮಾತಲ್ಲೂ ನ್ಯಾಯ ಇದೆ.

ಇನ್ನು ನೀವು ಸೇರಬಹುದಾ. ಧಾರಾಳವಾಗಿ. ಕ್ರೈಸ್ತರಾಗಬೇಕು, ಮೆಂಬರಾಗಬೇಕು ಅಂತೇನಿಲ್ಲ, ದುಡ್ಡೂ ಕೇಳಲ್ಲ. ನಮ್ಮ ದೇಶದಲ್ಲೂ ಕ್ವೇಕರ್‌ಗಳಿದ್ದಾರೆ, ಮಧ್ಯಪ್ರದೇಶದ ಹೋಷಂಗಾಬಾದ್ (ಈಗ ನರ್ಮದಾಪುರಂ) ಕಡೆ ಮತ್ತೆ ಛತ್ತರ್‌ಪುರ ಕಡೆ ಹೆಚ್ಚು, ಹೋಷಂಗಾಬಾದ್ ವಿಜ್ಞಾನ ಕಲಿಕೆ ಅಂತ ಮೇಷ್ಟ್ರುಗಳು ಕೇಳಿರ್ತಾರಲ್ಲ, 1972ರಲ್ಲಿ ಅದನ್ನ ಶುರು ಮಾಡಿದ ಎರಡು ಸಂಸ್ಥೆಗಳಲ್ಲಿ ಒಂದು ಅಲ್ಲಿನ ರಸೂಲಿಯಾದ ಕ್ವೇಕರ್ ಕೇಂದ್ರ. ಕೇರಳದಲ್ಲಿ ಕಡಿಮೆ ಖರ್ಚಿನ ಇಟ್ಟಿಗೆ ಮನೆ ಕಟ್ಟಿದ ಲಾರಿ ಬೇಕರ್ ಕೂಡ ಕ್ವೇಕರೇ. ಆದ್ರೆ ಮೈಸೂರಲ್ಲಿ ಕೂತು ಮೌನದ ಮೀಟಿಂಗ್ ಬೇಕು ಅಂದ್ರೆ ಆನ್‌ಲೈನೇ ಸುಲಭ. ಅಕ್ಕನ ಮೀಟಿಂಗ್ ಬ್ರಿಟನ್ನಲ್ಲಿ ಸಾಮಾನ್ಯವಾಗಿ ಇರೋ ಹಾಗೆ ಬೆಳಿಗ್ಗೆ ಹತ್ತೂವರೆಗೆ ಇದ್ರೆ ನಮಗೆ ಬೇಸಿಗೇಲಿ ಮಧ್ಯಾಹ್ನ 3, ಚಳಿಗಾಲದಲ್ಲಿ 4. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪೆಂಡ್ಲ್ ಹಿಲ್ ಅನ್ನೋ ಕೇಂದ್ರ 2020ರಿಂದ ದಿನಾ ಅವರ ಬೆಳಿಗ್ಗೆ ಎಂಟೂವರೆಗೆ ನಲವತ್ತು ನಿಮಿಷ ಆನ್‌ಲೈನ್ ಕೂರ್ತಾರೆ, ನಮಗೆ ಅದು ಸಂಜೆ 6, ಅವರ ಚಳಿಗಾಲದಲ್ಲಿ 7, ಆಫೀಸ್ ಮುಗಿದ ಮೇಲೆ ಆಗತ್ತೆ. ಸಮಯ ಬದ್ಲಾಗಿದ್ಯಾ ಅಂತ ಒಂದ್ಸಲ ಅವರ ಸೈಟಲ್ಲಿ ನೋಡ್ಕೊಳಿ.

ಮೊದಲ ಸಲ ಅಕ್ಕನ ಜೊತೆಗೇ ಹೋಗಿ, ಅವಳೇ ಲಿಂಕ್ ಕೊಡ್ಲಿ, ಬಾಗಿಲಲ್ಲಿರೋ ನನ್ನಂಥೋನಿಗೆ ನಿಮ್ಮ ಹೆಸರು ಕಾಣೋ ಹಾಗೆ ಬರೀರಿ. ಐದು ನಿಮಿಷ ಮುಂಚೆ ಕೂತ್ಕೊಳಿ. ಕುಕ್ಕರ್ ಇಟ್ಟು ಬರ್ಬೇಡಿ. ಇಯರ್‌ಫೋನಿಗಿಂತ ಸ್ಪೀಕರ್ ವಾಸಿ, ಆ ಕಡೆ ಕೋಣೆ ನಿಮ್ಮ ಕೋಣೆ ಒಳಗೆ ಬರತ್ತೆ. ಮುಗಿದ್ಮೇಲೆ ಎಲ್ರೂ ಕೈ ಬೀಸ್ತಾರಲ್ಲ, ಆಗ್ಲೇ ಲೀವ್ ಒತ್ತಬೇಡಿ, ಆಮೇಲೆ ಒಂದರ್ಧ ಗಂಟೆ ಹರಟೆ ಇರತ್ತೆ, ಅವರವರ ಮನೆ ಟೀ ಹಿಡ್ಕೊಂಡು, ನಿಜವಾದ ಪರಿಚಯ ಆಗೋದು ಅಲ್ಲೇ. ಹದಿನೈದು ನಿಮಿಷ ಆದ್ಮೇಲೆ ನೆಟ್ ಹೋಯ್ತೇನೋ ಅಂತ ಖಂಡಿತ ಅನ್ಸತ್ತೆ. ಹೋಗಿರಲ್ಲ. ಗ್ಯಾಲರಿ ವ್ಯೂ ನೋಡ್ತಾ ಇರಿ, ಯಾರದ್ದೋ ಮನೆ ಪರದೆ ಗಾಳಿಗೆ ಅಲ್ಲಾಡ್ತಿರತ್ತೆ.